ಉಸಿರೂ ನೋವೂ

ಚುಚ್ಚುಮದ್ದಿನ ಸೂಜಿ ಚರ್ಮವನ್ನು ಮುಟ್ಟುವುದಕ್ಕೆ ಮೊದಲೇ ನಮ್ಮ ತೋಳು ಬಿಗಿದುಕೊಳ್ಳುತ್ತದೆ. ಹಲ್ಲು ಕಚ್ಚುತ್ತೇವೆ, ಉಸಿರು ಹಿಡಿಯುತ್ತೇವೆ. ಬಿಗಿದ ಸ್ನಾಯುವಿನೊಳಕ್ಕೆ ಸೂಜಿ ಇಳಿದರೆ ನೋವು ಹೆಚ್ಚು. ಆದುದರಿಂದಲೇ ದಾದಿಯು ಕೈ ಸಡಿಲ ಬಿಡುವಂತೆ ಹೇಳುವುದು. ಆದರೆ ಹೆದರಿದವನ ಕೈ ಹೇಳಿದ ಮಾತ್ರಕ್ಕೆ ಸಡಿಲವಾದೀತೆ?

ಇಲ್ಲಿ ನೆರವಿಗೆ ಬರುವುದು ಉಸಿರು. ಹೃದಯದ ಬಡಿತಕ್ಕೆ ನಾವು ನೇರವಾಗಿ ಅಪ್ಪಣೆ ಮಾಡಲಾರೆವು. ಉಸಿರಾದರೋ ನಿದ್ರೆಯಲ್ಲಿ ತಾನಾಗಿ ನಡೆಯುತ್ತದೆ, ಎಚ್ಚರದಲ್ಲಿ ನಮ್ಮ ಹತೋಟಿಗೂ ಬರುತ್ತದೆ. ಉಸಿರನ್ನು ಒಳಗೆಳೆಯುವಾಗ ನಾಡಿ ತುಸು ವೇಗಗೊಂಡು, ಹೊರಬಿಡುವಾಗ ನಿಧಾನವಾಗುತ್ತದೆ. ಇದು ಬಹುಮಟ್ಟಿಗೆ ವೇಗಸ್ ಎಂಬ ನರದ ಕೆಲಸ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಓದುಗರು ತಾವೇ ಪರೀಕ್ಷಿಸಬಹುದು. ನಿಮಿಷಕ್ಕೆ 6 ಸಲದಂತೆ ಮೆಲ್ಲಗೆ ಉಸಿರಾಡಿದರೆ ಈ ಏರಿಳಿತ ಸ್ಪಷ್ಟವಾಗುತ್ತದೆ. ದೇಹದ ಉದ್ವೇಗವೂ ಇಳಿಯುತ್ತದೆ.

ಉದ್ವೇಗ ಇಳಿದರೆ ನೋವೇಕೆ ಇಳಿಯಬೇಕು? 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೊಂದು ವಿವರಣೆಯನ್ನಿತ್ತರು. ಗಾಯದಿಂದ ಹೊರಟ ಸುದ್ದಿ ಮಿದುಳಿಗೆ ನೇರವಾಗಿ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಅದಕ್ಕೊಂದು ಬಾಗಿಲಿದ್ದಂತೆ. ಮೇಲಿನಿಂದ ಬರುವ ಮಿದುಳಿನ ಆಜ್ಞೆಯೂ ಆ ಬಾಗಿಲನ್ನು ತೆರೆಯಬಲ್ಲುದು, ಓರೆಮಾಡಬಲ್ಲುದು. ಈ ವಾದದ ಕೆಲವು ವಿವರಗಳನ್ನು ಮುಂದೆ ತಿದ್ದಬೇಕಾಯಿತು. ಮೂಲ ವಿಚಾರ ಉಳಿದಿದೆ. ಭಯವೂ ಗಮನವೂ ನೋವಿನ ಪ್ರಮಾಣವನ್ನು ಬದಲಿಸುತ್ತವೆ.

ವೈದ್ಯರು ಇದನ್ನು ಬಳಸಿದ್ದು ಅದಕ್ಕೂ ಹಿಂದೆಯೇ. ಫ್ರಾನ್ಸಿನ ಫರ್ನಾಂಡ್ ಲಮಾಜ್ 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಗರ್ಭಿಣಿಯರಿಗೆ ಮುಂಚಿತವಾಗಿ ಶಿಕ್ಷಣವಿತ್ತು ಹೆರಿಗೆ ಮಾಡಿಸುವ ಪದ್ಧತಿಯನ್ನು ಕಂಡು ಬಂದು, ಪ್ಯಾರಿಸಿನಲ್ಲಿ ಅದನ್ನು ಆರಂಭಿಸಿದರು. ಅವರು ಕಲಿಸಿದ್ದು ಏದುಸಿರಿನಂಥ ಚುರುಕಾದ ಉಸಿರಾಟ. ಹೆರಿಗೆ ನೋವೇ ಇಲ್ಲದಂತಾಗುವುದೆಂದು ಸಾರಿದ್ದು ಮಾತ್ರ ಅತಿಯಾಯಿತೆಂದು ನಮಗೆ ತೋರುತ್ತದೆ. ಅತಿವೇಗದ ಉಸಿರಾಟಕ್ಕೆ ಇನ್ನೊಂದು ದೋಷವೂ ಉಂಟು: ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳುಗಳು ಜುಮುಗುಟ್ಟುತ್ತವೆ. ಈಗ ನಿಧಾನವಾದ ಉಸಿರಿಗೇ ಮನ್ನಣೆ.

ಹಲ್ಲು ಕೀಳಿಸಿಕೊಳ್ಳುವವನಿಗೆ ಉಸಿರಾಟವು ಅರಿವಳಿಕೆಯ ಬದಲು ಆಗದು, ಅದರ ಜೊತೆಗಿರಬೇಕಾದುದು. ಕೆಲವರಿಗಂತೂ ಸಡಿಲಿಸುವುದೇ ಕೂಡದು. ರಕ್ತವನ್ನು ಕಂಡೊಡನೆ ಮೂರ್ಛೆ ಹೋಗುವವರಲ್ಲಿ ರಕ್ತದ ಒತ್ತಡ ಥಟ್ಟನೆ ಕುಸಿಯುತ್ತದೆ. ಅಂಥವರು ಸೂಜಿ ಚುಚ್ಚುವ ತೋಳನ್ನು ಮಾತ್ರ ಸಡಿಲಬಿಟ್ಟು, ಕಾಲು, ಹೊಟ್ಟೆ ಮತ್ತು ಇನ್ನೊಂದು ತೋಳಿನ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡುಗಳ ಕಾಲ ಬಿಗಿಹಿಡಿದು, ತುಸು ಬಿಟ್ಟು, ಮತ್ತೆ ಬಿಗಿಹಿಡಿಯಬೇಕು. ಮೂರ್ಛೆಯ ಅಭ್ಯಾಸವಿದ್ದರೆ ದಾದಿಗೆ ಮೊದಲೇ ತಿಳಿಸಿ, ಮಲಗಿಕೊಂಡೇ ಚುಚ್ಚಿಸಿಕೊಳ್ಳುವುದು ಲೇಸು.