ಶನಿವಾರದ ನೆಮ್ಮದಿ ಮಂಗಳವಾರಕ್ಕೆ ಏಕೆ ಉಳಿಯುವುದಿಲ್ಲ?

ಶನಿವಾರ ನಸುಕಿನಲ್ಲೇ ಬಸ್ಸು ಹಿಡಿದು ಪಾವಗಡಕ್ಕೆ ಹೋಗಿ ಶನಿಮಹಾತ್ಮನ ದರ್ಶನ ಮಾಡಿ ಬಂದಿದ್ದೀರಿ. ಸಾಲಿನಲ್ಲಿ ನಿಂತು ಕಾಲು ಸೋತರೂ ಮನಸ್ಸು ಹಗುರವಾಗಿತ್ತು. ಅಂದು ರಾತ್ರಿ ಒಳ್ಳೆಯ ನಿದ್ದೆ. ಭಾನುವಾರವೂ ಪರವಾಗಿಲ್ಲ. ಮಂಗಳವಾರದ ಹೊತ್ತಿಗೆ ಕೊಳವೆಬಾವಿಯ ಸಾಲ, ಒಣಗಿದ ಕಡಲೆಕಾಯಿ ಹೊಲ, ಮಗಳ ಮದುವೆ ಎಲ್ಲವೂ ಮತ್ತೆ ತಲೆಯೊಳಗೆ ಬಂದು ಕುಳಿತಿರುತ್ತವೆ. ನಡುರಾತ್ರಿ ಎರಡು ಗಂಟೆಗೆ ಎಚ್ಚರ, ಎದೆಯಲ್ಲಿ ಡವಡವ. ಮುಂದಿನ ಶನಿವಾರ ಯಾವಾಗ ಬರುವುದೋ ಎಂದು ಕಾಯುತ್ತೀರಿ.

ಕೊರಟಗೆರೆಯ ಕಡೆಯವರಾದರೆ ಗೊರವನಹಳ್ಳಿ ಮಹಾಲಕ್ಷ್ಮಿ, ಮಧುಗಿರಿಯವರಾದರೆ ದಂಡಿನ ಮಾರಮ್ಮ, ಶಿರಾದವರಾದರೆ ಮಲಿಕ್ ರಿಹಾನ್ ದರ್ಗಾ. ಹೆಸರು ಬೇರೆಯಾದರೂ ಅನುಭವ ಒಂದೇ. ದೇವರ ಸನ್ನಿಧಿಯಲ್ಲಿ ಸಿಕ್ಕ ನೆಮ್ಮದಿ ಸುಳ್ಳಲ್ಲ. ಆದರೆ ವಾರಕ್ಕೊಮ್ಮೆ ಊಟ ಮಾಡಿ ಏಳು ದಿನ ಬದುಕಲಾಗದು.

ಬೆಟ್ಟದ ದಾರಿಯಲ್ಲಿ ಕರಡಿ ಎದುರಾಯಿತೆನ್ನಿ. ಅಡ್ರಿನಲಿನ್ ರಸ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ. ಓಡಿ ಪಾರಾಗಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಕರಡಿ ಹೋದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಸಾಲ ಹಾಗೆ ಎದ್ದು ಹೋಗುವುದಿಲ್ಲವಲ್ಲ! ಅದನ್ನು ನೆನೆದಾಗಲೆಲ್ಲ ದೇಹ ಕರಡಿಯನ್ನೇ ಕಂಡಂತೆ ವರ್ತಿಸುತ್ತದೆ. ತಿಂಗಳುಗಟ್ಟಲೆ ಹೀಗಾದರೆ ನಿದ್ದೆಗೇಡು, ಹೊಟ್ಟೆಯುರಿ, ತಲೆನೋವು ಗಂಟುಬೀಳುತ್ತವೆ. ಮೊದಲೇ ರಕ್ತದೊತ್ತಡ ಇದ್ದವರಿಗೆ ಅದು ಹತೋಟಿಗೆ ಬರುವುದಿಲ್ಲ.

ಈ ಸಿದ್ಧತೆಯನ್ನು ಇಳಿಸಲು ನಮ್ಮ ಕೈಯಲ್ಲಿರುವ ಒಂದು ಹಿಡಿಕೆ ಉಸಿರು. ಸುಮ್ಮನೆ ಕುಳಿತಾಗ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 18 ಬಾರಿ ಉಸಿರಾಡುತ್ತಾರೆ. ಇಟಲಿಯ ವೈದ್ಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಿಂದ ಒಮ್ಮೆ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ, ಇನ್ನೊಮ್ಮೆ ಬೌದ್ಧರ ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು. ರಕ್ತದೊತ್ತಡವನ್ನು ಸರಿದೂಗಿಸುವ ನರಗಳ ವ್ಯವಸ್ಥೆ ಹೆಚ್ಚು ಚುರುಕಾಯಿತು. ಇದು 2001ರಲ್ಲಿ ಪ್ರಕಟವಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಂಕಾರ ಹೇಳುವಾಗ ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡಿತು. ಎರಡೂ ಸಣ್ಣ ಅಧ್ಯಯನಗಳು. ಇವನ್ನೇ ಹಿಡಿದು 'ಜಪದಿಂದ ಸಕಲ ರೋಗ ಪರಿಹಾರ' ಎಂದು ಹೇಳುವವರನ್ನು ನಂಬಬೇಡಿ.

ಶಿರಾ ಸೀಮೆಯಲ್ಲಿ ಉದ್ದನೆಯ ಬಿದಿರಿನ ಗಣೆ ಊದಿ ಜುಂಜಪ್ಪನ ಕಥೆ ಹಾಡುವವರನ್ನು ನೀವು ಕೇಳಿರಬಹುದು. ಆ ದೀರ್ಘವಾದ ಉಸಿರನ್ನು ಗಮನಿಸಿ. ಊರ ಗುಡಿಯ ಭಜನೆಯಲ್ಲೂ, ತತ್ವಪದದಲ್ಲೂ ಸಾಲು ಮುಗಿಯುವವರೆಗೆ ಉಸಿರು ಬಿಡುತ್ತಲೇ ಇರಬೇಕಾಗುತ್ತದೆ. ಯಾರೂ ಇದನ್ನು ಚಿಕಿತ್ಸೆ ಎಂದು ಕರೆಯಲಿಲ್ಲ, ಅಷ್ಟೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ದಿನವೂ ಒಂದೇ ಹೊತ್ತು, ಒಂದೇ ಜಾಗ. ಮೊದಲಿಗೆ ಹತ್ತು ನಿಮಿಷ ಸಾಕು. ದೀಪವೋ, ಅಂಗೈಯಲ್ಲಿನ ಇಷ್ಟಲಿಂಗವೋ, ತಸ್ಬಿಯ ಮಣಿಯೋ, ನಿಮ್ಮ ಸಂಪ್ರದಾಯದಲ್ಲಿ ಇರುವುದನ್ನೇ ಹಿಡಿಯಿರಿ. ನಾಮವನ್ನು ನಿಧಾನವಾಗಿ, ಉಸಿರು ಪೂರ್ತಿ ಹೊರಹೋಗುವಂತೆ ಹೇಳಿ. ಮನಸ್ಸು ಸಾಲದ ಕಡೆಗೆ ಓಡಿದರೆ ಬೈದುಕೊಳ್ಳದೆ ಕರೆತನ್ನಿ. ನೂರು ಸಲ ಓಡಿದರೆ ನೂರು ಸಲ. ಆ ಕರೆತರುವುದೇ ಅಭ್ಯಾಸ. ನೆಲದಲ್ಲೇ ಕೂರಬೇಕೆಂಬ ಹಟ ಬೇಡ. ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಬೆನ್ನು, ಮಂಡಿ ಬಿಗಿದವರು ಬಹಳ. ಕುರ್ಚಿಯಲ್ಲಿ ಬೆನ್ನು ನೇರಮಾಡಿ ಕುಳಿತರೂ ಆದೀತು.

ತುಮಕೂರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ನಸುಕಿನ ಇಷ್ಟಲಿಂಗ ಪೂಜೆ ಅವರ ದಿನಚರಿಯ ಬುಡ. ಆಯುಷ್ಯಕ್ಕೆ ಪೂಜೆಯೊಂದೇ ಕಾರಣ ಎನ್ನುವಂತಿಲ್ಲ. ಮಿತಾಹಾರವಿತ್ತು, ದಿನವಿಡೀ ಕೆಲಸವಿತ್ತು. ಆದರೆ ಪೂಜೆಯಿಂದ ಎದ್ದವರು ನೇರವಾಗಿ ಮಕ್ಕಳ ಊಟ, ಪಾಠ ವಿಚಾರಿಸಲು ಹೋಗುತ್ತಿದ್ದರೆಂಬುದನ್ನು ನೆನೆಯಿರಿ. ನಮ್ಮ ಮನೆಗಳಲ್ಲಿ? 'ಹೂವೆಲ್ಲಿ, ಕರ್ಪೂರವೆಲ್ಲಿ' ಎಂದು ಸೊಸೆಯ ಮೇಲೆ ರೇಗುತ್ತಲೇ ಪೂಜೆಗೆ ಕೂರುವ ಯಜಮಾನರ ರಕ್ತದೊತ್ತಡ ಇಳಿಯುವುದಾದರೂ ಹೇಗೆ? ಆ ಸೊಸೆಗೂ ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಒಲೆಯನ್ನೋ ಮಗುವನ್ನೋ ಬೇರೆಯವರು ನೋಡಿಕೊಳ್ಳಲಿ.

ಇನ್ನೊಂದು ತೊಡಕು ಹರಕೆಯ ಲೆಕ್ಕ. 'ಒಂಬತ್ತು ವಾರ ಮಾಡಿದೆ, ಇನ್ನೂ ಮಳೆ ಬರಲಿಲ್ಲ', 'ಒಂದು ದಿನ ತಪ್ಪಿತು, ಏನು ಕೇಡೋ' ಎಂದು ಎಣಿಸುತ್ತಿದ್ದರೆ ದೇವರೂ ಇನ್ನೊಬ್ಬ ಸಾಲಗಾರನಂತೆ ಬಾಗಿಲಲ್ಲಿ ನಿಂತುಬಿಡುತ್ತಾನೆ. ಕೇಳುವುದನ್ನು ಬಿಟ್ಟು ಹತ್ತು ನಿಮಿಷ ಸುಮ್ಮನೆ ಅವನ ಜೊತೆ ಕುಳಿತು ನೋಡಿ. ತಪ್ಪಿದ ದಿನ ತಪ್ಪಿತು, ಮರುದಿನ ಕುಳಿತರಾಯಿತು.

ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಜಪ ಶುರುಮಾಡಿದ್ದಕ್ಕೆ ನಿಲ್ಲಿಸಬೇಡಿ. ಧ್ಯಾನವು ಚಿಕಿತ್ಸೆಯ ಜೊತೆಗಿರಬಹುದೇ ಹೊರತು ಅದರ ಬದಲಿಗಲ್ಲ ಎಂದು ಅಮೆರಿಕದ ಹೃದ್ರೋಗ ತಜ್ಞರ ಸಂಘವೂ 2017ರಲ್ಲಿ ಹೇಳಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಶನಿವಾರದ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಸಕ್ಕರೆ ತೀರಾ ಇಳಿದರೆ ಪ್ರಜ್ಞೆ ತಪ್ಪಬಹುದು.

ಎರಡು ವಾರಕ್ಕೂ ಮಿಕ್ಕಿ ಊಟ ಸೇರದೆ, ನಿದ್ದೆ ಬಾರದೆ, ಮೊದಲು ಇಷ್ಟವಾಗುತ್ತಿದ್ದ ಭಜನೆಯೂ ಬೇಡವಾಗಿ, 'ನಾನು ಪಾಪಿ, ಇದ್ದು ಏನು ಪ್ರಯೋಜನ' ಎನ್ನಿಸುತ್ತಿದ್ದರೆ ಅದು ಭಕ್ತಿಯ ಕೊರತೆಯಲ್ಲ, ಖಿನ್ನತೆ ಎಂಬ ಕಾಯಿಲೆ. ಅದಕ್ಕೆ ಔಷಧವಿದೆ. ಮನೆಯವರಲ್ಲಿ ಯಾರಾದರೂ ಹೀಗೆ ಮಾತನಾಡಿದರೆ 'ಇನ್ನೆರಡು ವಾರ ದೇವಸ್ಥಾನಕ್ಕೆ ಹೋಗಿಬಾ' ಎಂದು ಕಳಿಸಿ ಸುಮ್ಮನಾಗಬೇಡಿ, ಒಬ್ಬರನ್ನೇ ಬಿಡಬೇಡಿ. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ನಡುರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ಹಣವಿಲ್ಲ.