ಹಿತ್ತಿಲ ಮುಸುಕಿನ ಜೋಳ: ಸಸಿ ಕಿತ್ತು ನೆಡಬಹುದೇ?

ತಾಳವಾಡಿಯ ಕಡೆಯ ನಮ್ಮ ಜನರಿಗೆ ನಾಟಿಯ ಕೆಲಸ ಹೊಸದಲ್ಲ. ರಾಗಿಯ ಒಟ್ಟಲು ಹಾಕಿ, ಪೈರು ಕಿತ್ತು ನೆಡುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು. ಮೆಣಸಿನಕಾಯಿ, ಬದನೆಗಳನ್ನೂ ಹಾಗೆಯೇ ನೆಡುತ್ತೇವೆ. ಹಿತ್ತಿಲಲ್ಲಿ ಹಾಕುವ ಮುಸುಕಿನ ಜೋಳವನ್ನು, ಅಂದರೆ ತಮಿಳಿನವರ ಮಕ್ಕಾಚೋಳವನ್ನು, ಹೀಗೆ ನೆಡಬಹುದೇ ಎಂದು ಅನೇಕರು ಕೇಳುವುದುಂಟು. ನೆಡಬಹುದು, ಆದರೆ ರಾಗಿಯಂತೆ ಅಲ್ಲ.

ಈ ಮಾತನ್ನು ನಾವು ಕಲಿತದ್ದು ನಷ್ಟಪಟ್ಟು. ಒಂದು ಸಲ ಬಿತ್ತಿದ ಬೀಜವನ್ನು ನವಿಲು, ಅಳಿಲುಗಳು ಕೆದಕಿ ತಿಂದವು. ದಟ್ಟವಾಗಿ ಮೊಳೆತಿದ್ದ ಮೂಲೆಯಿಂದ ಗೇಣುದ್ದದ ಸಸಿಗಳನ್ನು ಕಿತ್ತು ಖಾಲಿ ಜಾಗಗಳಿಗೆ ನೆಟ್ಟೆವು. ವಾರದೊಳಗೆ ಅರ್ಧಕ್ಕಿಂತ ಹೆಚ್ಚು ಒಣಗಿದವು. ಉಳಿದವು ಸೊಂಟದೆತ್ತರಕ್ಕೇ ಹೂ ಬಿಟ್ಟು ಹೆಬ್ಬೆರಳಿನಷ್ಟು ತೆನೆ ಕೊಟ್ಟವು.

ಹೀಗಾದದ್ದೇಕೆ? ರಾಗಿಯ ಬೇರು ಹರಿದರೂ ಬುಡದಿಂದ ಹೊಸ ಬೇರು ಬಂದು, ತೆಂಡೆ ಒಡೆದು, ಹೋದದ್ದನ್ನು ತುಂಬಿಕೊಳ್ಳುತ್ತದೆ. ಮುಸುಕಿನ ಜೋಳಕ್ಕೆ ಸಾಮಾನ್ಯವಾಗಿ ಒಂದೇ ಕಾಂಡ, ಒಂದೋ ಎರಡೋ ತೆನೆ. ಎಳೆಯದರಲ್ಲಿ ಬಿದ್ದ ಪೆಟ್ಟನ್ನು ಅದು ತುಂಬಿಕೊಳ್ಳಲಾರದು. ಒದ್ದೆ ಬಟ್ಟೆಯಲ್ಲಿ ನಾಲ್ಕು ಕಾಳು ಸುತ್ತಿಟ್ಟು ಮಕ್ಕಳಿಗೆ ತೋರಿಸಿರಿ. ಮೊದಲು ಒಂದು ಬೇರು, ಆಮೇಲೆ ಕೆಲವು, ಕಾಳಿನಿಂದಲೇ ಹೊರಡುತ್ತವೆ. ಗಿಡವನ್ನು ಕೊನೆಯವರೆಗೆ ಹೊರುವ ಬೇರುಗಳಾದರೋ ಆಮೇಲೆ ಕಾಂಡದ ಗೆಣ್ಣುಗಳಿಂದ ಬರತಕ್ಕವು. ಸುಮಾರು ಮೂರು ಎಲೆ ಬರುವತನಕ ಸಸಿಗೆ ಕಾಳಿನೊಳಗಿನ ಬುತ್ತಿ ಇರುತ್ತದೆ. ಆ ಬುತ್ತಿ ಮುಗಿಯುವ ಮೊದಲೇ, ಬೇರಿನ ಮಣ್ಣು ಒಡೆಯದಂತೆ ಸಸಿಯನ್ನು ಸಾಗಿಸಿದರೆ ಅದಕ್ಕೆ ಹೆಚ್ಚು ಶ್ರಮವಾಗದು.

ಆದುದರಿಂದ ಒಟ್ಟಲು ಹಾಕಬೇಡಿರಿ. ಮುತ್ತುಗದ ಎಲೆಯ ಆಳವಾದ ದೊನ್ನೆ, ಇಲ್ಲವೇ ಹಳೆಯ ಪತ್ರಿಕೆಯನ್ನು ಸುತ್ತಿ ಮಾಡಿದ ಮೂರು ನಾಲ್ಕು ಅಂಗುಲದ ಕೊಳವೆ ಸಾಕು. ಕೆಳಗೆ ನೀರು ಬಸಿಯಲು ತೂತಿರಲಿ. ಮಣ್ಣಿಗೆ ಅಷ್ಟೇ ಕಳಿತ ಗೊಬ್ಬರ ಬೆರೆಸಿ ತುಂಬಿ, ಒಂದಂಗುಲ ಆಳಕ್ಕೆ ಎರಡು ಕಾಳು ಊರಬೇಕು. ಅಂಗಡಿಯ ಬೀಜಕ್ಕೆ ಔಷಧಿ ಬಳಿದಿರುವುದರಿಂದ ಊರಿದ ಮೇಲೆ ಕೈ ತೊಳೆಯಿರಿ. ಮಿಕ್ಕದ್ದನ್ನು ಕೋಳಿಗೆ ಹಾಕಬಾರದು. ಎರಡೂ ಮೊಳೆತರೆ ಸಣ್ಣದನ್ನು ಕೀಳದೆ ಚಿವುಟಿರಿ.

ಹತ್ತರಿಂದ ಹದಿನಾಲ್ಕು ದಿನಕ್ಕೆ ಎರಡು ಮೂರು ಎಲೆ ಬರುತ್ತವೆ. ನೆಡಲು ಅದೇ ಹದ. ಸಂಜೆಯ ಹೊತ್ತು ಗುಂಡಿಗೆ ಮೊದಲೇ ನೀರು ಹಾಕಿ, ದೊನ್ನೆಯ ತಳ ಹರಿದು, ದೊನ್ನೆ ಸಮೇತ ಇಳಿಸಿ ಸುತ್ತ ಮಣ್ಣು ಒತ್ತಬೇಕು. ಸುಳಿಯೊಳಗೆ ಮಣ್ಣು ಬೀಳಬಾರದು. ಬಿಸಿಲು ಜೋರಿದ್ದರೆ ಎರಡು ದಿನ ಸೊಪ್ಪಿನ ನೆರಳು ಕೊಡಿರಿ.

ನೆಡುವಾಗ ಬೇಲಿಯುದ್ದಕ್ಕೆ ಒಂದೇ ಸಾಲು ಮಾಡುವುದು ತಪ್ಪು. ನೆತ್ತಿಯ ಗಂಡು ಹೂವಿನ ಪುಡಿ ಗಾಳಿಯಲ್ಲಿ ಹಾರಿ ತೆನೆಯ ಕೂದಲಿನ ಮೇಲೆ ಬೀಳಬೇಕು. ಒಂದೊಂದು ಕೂದಲಿಗೂ ಒಂದೊಂದು ಕಾಳು. ಪುಡಿ ಬೀಳದ ಕಡೆ ತೆನೆ ಬೊಕ್ಕುಬಾಯಿಯಾಗುತ್ತದೆ. ಸಾಲಿಗೂ ಸಾಲಿಗೂ 2 ಅಡಿ, ಗಿಡಕ್ಕೂ ಗಿಡಕ್ಕೂ 1 ಅಡಿ ಬಿಟ್ಟು, ಆರು ಗಿಡದ ನಾಲ್ಕು ಸಾಲುಗಳನ್ನು ಚೌಕವಾಗಿ ನೆಟ್ಟರೆ ಸಣ್ಣ ಹಿತ್ತಿಲಿಗೆ ಸಾಕು.

ನೇರವಾಗಿ ಬಿತ್ತುವವರಿಗೂ ದೊನ್ನೆ ಉಪಯೋಗಕ್ಕೆ ಬರುತ್ತದೆ. ಬಿತ್ತಿದ ದಿನವೇ ಐದಾರು ದೊನ್ನೆಗಳಲ್ಲಿ ಕಾಳು ಹಾಕಿಟ್ಟರೆ, ಹಕ್ಕಿ ತಿಂದ ಜಾಗಕ್ಕೆ ಅದೇ ವಯಸ್ಸಿನ ಸಸಿ ಸಿದ್ಧ. ತಡವಾಗಿ ಮತ್ತೆ ಬಿತ್ತಿದ ಗಿಡ ಉಳಿದವುಗಳ ನೆರಳಲ್ಲಿ ಸೊರಗುತ್ತದೆ. ಅದು ಕೂದಲು ಬಿಡುವಾಗ ಗಾಳಿಯಲ್ಲಿ ಪುಡಿ ಮುಗಿದಿರುತ್ತದೆ.

ಗಿಡ ಮೊಣಕಾಲೆತ್ತರ ಬಂದಾಗ ಗೊಬ್ಬರ ಕೊಟ್ಟು ಬುಡಕ್ಕೆ ಮಣ್ಣು ಏರಿಸಿರಿ. ದಿನಕ್ಕೊಮ್ಮೆ ಸುಳಿ ನೋಡಿರಿ. 2018ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡ ಸೈನಿಕ ಹುಳು ಅಲ್ಲಿಯೇ ಕೂತು ತಿನ್ನುತ್ತದೆ. ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಕೈಯಿಂದಲೇ ಹೆಕ್ಕಿ ಕೊಲ್ಲಬಹುದು. ಇಪ್ಪತ್ತನಾಲ್ಕು ಗಿಡಕ್ಕೆ ಈ ಕಾವಲು ಕಷ್ಟವಲ್ಲ.

ಕೂದಲು ಬಿಟ್ಟ ಸುಮಾರು 20 ದಿನಕ್ಕೆ ಎಳೆ ತೆನೆ ಸುಡಲು ಬರುತ್ತದೆ. ಕಾಡುಹಂದಿ, ಆನೆಗಳ ಕಾಟಕ್ಕೆ ಈ ಲೇಖನದಲ್ಲಿ ಮದ್ದಿಲ್ಲ. ಹಕ್ಕಿ, ಅಳಿಲುಗಳು ತಿಂದು ಬಿಟ್ಟ ಜಾಗವನ್ನಂತೂ ಈ ಬಾರಿ ಖಾಲಿ ಬಿಡಬೇಕಾಗಿಲ್ಲ.