ಬಾಂದ್ರಾದಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಟಿಕೆಟ್ ಬುಕ್ ಮಾಡುವ ಮುನ್ನ ಈ ಲೆಕ್ಕ ನೋಡಿ

ಮುಂಬೈ: ಬಾಂದ್ರಾದಲ್ಲಿರುವ ಕನ್ನಡಿಗರು ಬೆಂಗಳೂರಿಗೆ ವಿಮಾನದ ಟಿಕೆಟ್ ಹುಡುಕಿದರೆ ಈಗ ಮೊಬೈಲ್‌ನಲ್ಲಿ ಎರಡು 'ಮುಂಬೈ' ಕಾಣಿಸುತ್ತವೆ. ಒಂದು, ಎಲ್ಲರಿಗೂ ಗೊತ್ತಿರುವ ಛತ್ರಪತಿ ಶಿವಾಜಿ ಮಹಾರಾಜ ವಿಮಾನ ನಿಲ್ದಾಣ. ಇನ್ನೊಂದು, 2025ರ ಡಿಸೆಂಬರ್ 25ರಿಂದ ವಿಮಾನ ಸಂಚಾರ ಶುರುವಾದ ನವಿ ಮುಂಬೈ ನಿಲ್ದಾಣ. ದರ ನೂರಿನ್ನೂರು ರೂಪಾಯಿ ಕಡಿಮೆ ಇದೆ ಎಂದು ಎರಡನೆಯದನ್ನು ಆರಿಸಿಕೊಂಡರೆ ಲಾಭವೋ ನಷ್ಟವೋ?

ಹಳೆಯ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ವಾಯುಮಾರ್ಗ ಸುಮಾರು 830 ಕಿ.ಮೀ. ನವಿ ಮುಂಬೈನಿಂದಾದರೆ ಸುಮಾರು 810 ಕಿ.ಮೀ. ಅಂದರೆ ಆಕಾಶದಲ್ಲಿ ಉಳಿಯುವುದು 20 ಕಿ.ಮೀ. ಮಾತ್ರ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಅದು ಒಂದೂವರೆ ನಿಮಿಷದ ದಾರಿ! ಆದರೆ ಬಾಂದ್ರಾದಿಂದ ಹಳೆಯ ನಿಲ್ದಾಣ 10 ಕಿ.ಮೀ. ಒಳಗೇ ಇದೆ. ನವಿ ಮುಂಬೈಗೆ ಸಯನ್, ವಾಶಿ ದಾಟಿ 35ರಿಂದ 40 ಕಿ.ಮೀ. ಹೋಗಬೇಕು. ಕಡಿಮೆ ದರದಲ್ಲಿ ಉಳಿದ ಹಣ ಟ್ಯಾಕ್ಸಿಗೇ ಹೋಗುತ್ತದೆ. ಚೆಂಬೂರು, ವಾಶಿ, ಪನ್ವೇಲ್ ಕಡೆಯವರ ಲೆಕ್ಕ ಬೇರೆ.

830 ಕಿ.ಮೀ.ಗೆ ಎರಡು ಗಂಟೆ ಯಾಕೆ?

ಇಷ್ಟು ದೂರಕ್ಕೆ ವಿಮಾನ ಗಾಳಿಯಲ್ಲಿರುವುದು ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಟಿಕೆಟ್‌ನಲ್ಲಿ ಮಾತ್ರ ಒಂದೂಮುಕ್ಕಾಲರಿಂದ ಎರಡು ಗಂಟೆ ಎಂದಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ವಿಮಾನ ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಊರಿನ ಗೇಟ್‌ಗೆ ಬಂದು ನಿಲ್ಲುವವರೆಗಿನ ಪೂರ್ತಿ ಸಮಯವನ್ನು ಕಂಪನಿಗಳು ಲೆಕ್ಕಕ್ಕೆ ಹಿಡಿಯುತ್ತವೆ. ಮುಂಬೈನ ಹಳೆಯ ನಿಲ್ದಾಣದಲ್ಲಿ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುತ್ತವೆ. ಹೀಗಾಗಿ ಒಂದು ಹೊತ್ತಿಗೆ ಒಂದೇ ರನ್‌ವೇ ಬಳಕೆ. ಹಾರಲು ಸಾಲು, ಇಳಿಯಲು ಆಕಾಶದಲ್ಲೇ ಸುತ್ತು. ಮಳೆಗಾಲದಲ್ಲಂತೂ ಇದು ಇನ್ನೂ ಹೆಚ್ಚು. ಸಾಲು ಇಲ್ಲದ ದಿನ ವಿಮಾನ ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಇಳಿಯುವುದೂ ಇದೇ ಕಾರಣಕ್ಕೆ.

ಮನೆಯಿಂದ ಮನೆಗೆ ಎಷ್ಟು?

ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮತ್ತೆ ಸುಮಾರು 35 ಕಿ.ಮೀ. ಎಲ್ಲ ಕೂಡಿಸಿದರೆ ಬಾಂದ್ರಾದಿಂದ ಬೆಂಗಳೂರಿನ ಮನೆಗೆ ಐದೂವರೆಯಿಂದ ಆರು ಗಂಟೆ. ಇದರಲ್ಲಿ ಹಾರಾಟ ಕಾಲು ಭಾಗವೂ ಇಲ್ಲ. ಆದರೂ ಸೊಲ್ಲಾಪುರ, ಕಲಬುರಗಿ, ರಾಯಚೂರು ಸುತ್ತಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ನ ಒಂದು ದಿನದ ಪ್ರಯಾಣಕ್ಕೆ ಹೋಲಿಸಿದರೆ ಇದು ಕಡಿಮೆಯೇ.

ಮಂಗಳೂರಿಗೆ ಹೋಗುವವರಿಗೂ ಇದೇ ಲೆಕ್ಕ. ಬಜ್ಪೆಗೆ ಹಳೆಯ ನಿಲ್ದಾಣದಿಂದ ಸುಮಾರು 715 ಕಿ.ಮೀ., ನವಿ ಮುಂಬೈನಿಂದ 695 ಕಿ.ಮೀ.

ಹಣ ಕಟ್ಟುವ ಮುನ್ನ ಟಿಕೆಟ್‌ನ ಮೂರಕ್ಷರದ ಕೋಡ್ ನೋಡಿ. ಹಳೆಯ ನಿಲ್ದಾಣಕ್ಕೆ ಬಾಂಬೆ ಕಾಲದ 'ಬಿಒಎಂ' ಇಂದಿಗೂ ಉಳಿದಿದೆ. 'ಎನ್‌ಎಂಐ' ಎಂದಿದ್ದರೆ ಅದು ನವಿ ಮುಂಬೈ. ಬಿಒಎಂ ಆದರೆ ಟರ್ಮಿನಲ್ 1 ಅಥವಾ 2 ಎಂಬುದನ್ನೂ ಗಮನಿಸಿ. ಬಾಂದ್ರಾ ಕುರ್ಲಾ ಸಂಕೀರ್ಣದಿಂದ ಎರಡೂ ಟರ್ಮಿನಲ್‌ಗಳಿಗೆ ಮೆಟ್ರೊ 3 ಇದೆ, ರಸ್ತೆಯ ಟ್ರಾಫಿಕ್‌ನ ಚಿಂತೆಯಿಲ್ಲ.